ಇಪ್ಪತ್ತು ತಿಂಗಳ ಗುಂಗುರು

ಆ ಬೀದಿಯಲ್ಲಿ ಅವನಿಗೆ ಗೆರೆಯಣ್ಣ ಎಂದೇ ಹೆಸರು. ಕ್ಷೌರದ ಅಂಗಡಿ ಇಟ್ಟವರಿಗೆ ಇಂಥ ಹೆಸರು ಪುಕ್ಕಟೆ ಬರುವುದಿಲ್ಲ. ಕುತ್ತಿಗೆಯ ಹಿಂದೆ, ಕೂದಲು ಮುಗಿದು ಚರ್ಮ ಶುರುವಾಗುವ ಕಡೆ ಅವನು ಎಳೆಯುತ್ತಿದ್ದ ಗೆರೆ ಅಷ್ಟು ನೇರ. ಗಿರಾಕಿ ಕತ್ತು ಸೊಟ್ಟ ಮಾಡಿ ಕೂತಿದ್ದರೂ, ನಡುವೆ ಕೆಮ್ಮಿದರೂ, ಫೋನಿನಲ್ಲಿ ಯಾರನ್ನಾದರೂ ಬೈಯುತ್ತಿದ್ದರೂ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಈ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಎಂದದ್ದು ನಮ್ಮ ಮರ್ಯಾದೆ. ಅವನ ಹೆಂಡತಿಯನ್ನು ಕೇಳಿದರೆ ಬೇರೆ ಅಳತೆ ಹೇಳುತ್ತಿದ್ದಳು.

ಅಂಗಡಿ ಚಿಕ್ಕದು. ಒಂದು ಗೋಡೆಯುದ್ದಕ್ಕೂ ಕನ್ನಡಿ, ಅದರ ಮುಂದೆ ಎರಡು ತಿರುಗುವ ಕುರ್ಚಿ. ಒಂದರಲ್ಲಿ ಗಿರಾಕಿ ಕೂರುತ್ತಿದ್ದ, ಇನ್ನೊಂದರಲ್ಲಿ ಹಳೇ ಪೇಪರುಗಳೂ ಮಡಿಸಿದ ಟವೆಲ್‌ಗಳೂ ಕೂರುತ್ತಿದ್ದವು. ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ ಇತ್ತು, ಕತ್ತು ಇಡಲು ಅಂಚಿನಲ್ಲಿ ಬಾಗು ಇದ್ದದ್ದು. ಮುಚ್ಚಿಹೋದ ಯಾವುದೋ ಬ್ಯೂಟಿ ಪಾರ್ಲರಿನಿಂದ ಅದನ್ನು ಬಹಳ ಉತ್ಸಾಹದಲ್ಲಿ ಹೊರಿಸಿಕೊಂಡು ಬಂದಿದ್ದ. ಬರುವ ಗಂಡಸರಿಗೆ ತಲೆ ತೊಳೆಸಿಕೊಳ್ಳುವ ವ್ಯವಧಾನ ಎಲ್ಲಿಂದ ಬರಬೇಕು? ಹನ್ನೊಂದು ವರ್ಷದಿಂದ ಅದರಲ್ಲಿ ಬ್ರಷ್ಷೂ ಚಹಾದ ಲೋಟವೂ ಸ್ನಾನ ಮಾಡುತ್ತಿದ್ದವು.

ಕಸುಬು ಕಲಿಸಿದವನು ಚಿಕ್ಕಪ್ಪ. ಮಾತು ಕಡಿಮೆ, ಕೈ ಚುರುಕು. ಅವನು ಹೇಳಿಕೊಟ್ಟ ವಿದ್ಯೆಯೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಮೊದಲನೆಯದು: “ನೆನೆಸು, ಎಳೆದು ಹಿಡಿ, ಕತ್ತರಿಸು.” ಒದ್ದೆ ಕೂದಲು ಹೇಳಿದ ಮಾತು ಕೇಳುತ್ತದೆ, ಎರಡು ಬೆರಳ ನಡುವೆ ಬಿಗಿಯಾಗಿ ಎಳೆದು ಹಿಡಿದರೆ ಅದರ ನಿಜವಾದ ಉದ್ದ ಗೊತ್ತಾಗುತ್ತದೆ, ಆಮೇಲೆ ಕತ್ತರಿ ತಪ್ಪುವ ಮಾತೇ ಇಲ್ಲ. ಎರಡನೆಯದು: “ಗಿರಾಕಿ ಕುರ್ಚಿ ಇಳಿಯೋದ್ರೊಳಗೆ ಬಿದ್ದ ಕೂದಲು ಗುಡಿಸಿಬಿಡು. ಎಷ್ಟು ಬಿತ್ತು ಅಂತ ಕಣ್ಣಿಗೆ ಬಿದ್ರೆ ಏನೋ ಕಳ್ಕೊಂಡೆ ಅನ್ಸುತ್ತೆ ಮನುಷ್ಯನಿಗೆ.” ಈ ಎರಡನ್ನೂ ಗೆರೆಯಣ್ಣ ಮೂವತ್ತೆಂಟು ವರ್ಷ ಚಾಚೂ ತಪ್ಪದೆ ಪಾಲಿಸಿದ. ಕತ್ತರಿ ಕೆಳಗಿಟ್ಟ ಕೈಗೆ ಪೊರಕೆ ಯಾವಾಗ ಬಂತು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಗುಂಗುರು ಕೂದಲಿನ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಗೆರೆಗೆ ಬಗ್ಗದ ಯಾವುದರ ಬಗ್ಗೆಯೂ ಇರಲಿಲ್ಲ. ಗುಂಗುರು ತಲೆಯವನೊಬ್ಬ ಬಾಗಿಲಲ್ಲಿ ಕಂಡರೆ ಸಾಕು, ಕತ್ತರಿ ಬಿಟ್ಟು ಮೆಷಿನ್ ಎತ್ತಿಕೊಂಡು, “ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗಾಗುತ್ತೇನಪ್ಪ? ಸಣ್ಣಗೆ ಹೊಡೆದುಬಿಡ್ತೀನಿ, ಕೂತ್ಕೋ,” ಎಂದು ಬುಡಮಟ್ಟ ಇಳಿಸಿ ಕಳಿಸುತ್ತಿದ್ದ. ಹೀಗಾಗಿ ಅಷ್ಟು ವರ್ಷಗಳಲ್ಲಿ ಆ ಅಂಗಡಿಯ ನೆಲಕ್ಕೆ ಉದ್ದನೆಯ ಗುಂಗುರು ಬಿದ್ದದ್ದೇ ಇಲ್ಲ. ತನಗೆ ತಿಳಿಯದ ಕೂದಲು ಒಂದಿದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ.

ಅವನ ಹೆಂಡತಿ ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವವಳು. ಗೋಡೆಯಲ್ಲಿ ಒಂದು ಚೌಕ ಕಿಟಕಿ, ಕಿಟಕಿಯೊಳಗೆ ಅವಳು. ಹೊರಗೆ ಸಾಲಿನಲ್ಲಿ ನಿಂತವರಿಗೆ ಕಾಣುತ್ತಿದ್ದದ್ದು ಹೆಗಲಿನಿಂದ ಮೇಲಕ್ಕೆ ಮಾತ್ರ. ಹತ್ತೊಂಬತ್ತು ವರ್ಷ ಆ ಚೌಕದಲ್ಲಿ ಕೂತು, ಈಜುಟೋಪಿ ಮರೆತು ಬಂದವರನ್ನು ಗದರಿಸಿ, ಒದ್ದೆ ಕಾಲಲ್ಲಿ ಓಡುವ ಮಕ್ಕಳನ್ನು ಹೆಸರು ಹಿಡಿದು ಕೂಗಿ, ಎಲ್ಲರಿಗೂ ಟಿಕೆಟ್ ಅಕ್ಕ ಆಗಿದ್ದಳು. ಆಗ ಅವಳ ಕೂದಲು ನೇರ, ದಪ್ಪ, ಸೊಂಟದವರೆಗೆ. ಬೆಳಿಗ್ಗೆ ಎರಡು ನಿಮಿಷದಲ್ಲಿ ಜಡೆ ಹೆಣೆದು ಬೆನ್ನಿಗೆ ಎಸೆದರೆ ಮರುದಿನದವರೆಗೆ ಅದರ ಯೋಚನೆ ಇಲ್ಲ. ಕೂದಲಿದ್ದವಳು ಹೇಗೆ ಕಟ್ಟಿದರೂ ಚೆಂದ ಎಂಬ ಗಾದೆ ಅವಳಂಥವರನ್ನು ನೋಡಿಯೇ ಹುಟ್ಟಿರಬೇಕು. ಗಂಡನ ಕತ್ತರಿ ಅದರ ಹತ್ತಿರವೂ ಸುಳಿದಿರಲಿಲ್ಲ.

ಆಮೇಲೆ ಕಾಯಿಲೆ ಬಂತು. ಅದರ ಹೆಸರನ್ನು ಆ ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ, ಇಲ್ಲಿಯೂ ಬೇಡ. ಆಸ್ಪತ್ರೆಯ ಔಷಧಿ ಕಾಯಿಲೆಯನ್ನು ಓಡಿಸುವ ಭರದಲ್ಲಿ ಕೂದಲನ್ನೂ ಹೊರಗೆ ಹಾಕಿತು. ದಿಂಬಿನ ಮೇಲೆ, ತಟ್ಟೆಯ ಅಂಚಿನಲ್ಲಿ, ಬಚ್ಚಲಿನ ಜಾಲರಿಯಲ್ಲಿ ಎಲ್ಲೆಲ್ಲೂ ಅದೇ. ಒಂದು ಮಧ್ಯಾಹ್ನ ಅವಳೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು.

“ಕನ್ನಡಿ ಕಡೆ ಬೇಡ. ಕುರ್ಚಿ ಆ ಕಡೆ ತಿರುಗಿಸಿ. ಉಳಿದಿದ್ದನ್ನ ತೆಗೆದುಬಿಡಿ,” ಎಂದಳು.

ಅವನು ಶಟರ್ ಅರ್ಧ ಎಳೆದು, ಕುರ್ಚಿ ತಿರುಗಿಸಿ, ತೆಗೆದ. ಅವಳು ಇಳಿಯುವಷ್ಟರಲ್ಲಿ ನೆಲ ಸ್ವಚ್ಛವಾಗಿತ್ತು. ಅವತ್ತು ಅವಳು ನೆಲದ ಬಗ್ಗೆ ಏನೂ ಕೇಳಲಿಲ್ಲ.

ಅದೇ ತಿಂಗಳು ಈಜುಕೊಳದ ತಳದಲ್ಲೂ ಬಿರುಕು ಕಾಣಿಸಿ ಅದನ್ನು ರಿಪೇರಿಗೆ ಮುಚ್ಚಿದರು. ಕೊಳ ಮತ್ತೆ ತೆರೆಯುವ ದಿನ ಹಳೆಯ ಕೆಲಸದವರೆಲ್ಲ ಬರಬೇಕು ಎಂದು ಹೇಳಿ ಕಳಿಸಿದರು. “ಇಬ್ಬರಿಗೂ ಒಟ್ಟಿಗೇ ರಿಪೇರಿ. ಯಾರು ಮೊದಲು ತೆರೀತೀವೋ ನೋಡೋಣ,” ಎಂದು ಅವಳು ತಲೆಗೆ ವಸ್ತ್ರ ಬಿಗಿದುಕೊಂಡಳು.

ಔಷಧಿ ನಿಂತ ಮೇಲೆ ಕೂದಲು ಬಂತು. ಮೊದಲು ಕೋಳಿಮರಿಯ ಮೈಮೇಲಿನ ನವಿರಿನಂತೆ, ಆಮೇಲೆ ಬೆರಳುದ್ದ. ಬೆರಳುದ್ದ ಆದದ್ದೇ ತಡ, ಎಳೆ ಎಳೆಯೂ ಬಾಗಿತು, ಸುತ್ತಿತು, ಉಂಗುರ ಉಂಗುರವಾಗಿ ತಲೆ ತುಂಬ ಕೂತಿತು. ನೇರ ಕೂದಲಿನವಳ ತಲೆಯ ಮೇಲೆ ಗುಂಗುರು!

“ರೀ, ಯಾರದೋ ಕೂದಲು ಅಡ್ರೆಸ್ ತಪ್ಪಿ ನನ್ನ ತಲೆಗೆ ಬಂದಿದೆ,” ಎಂದು ಅವಳು ಕೂಗಿದಳು.

ಔಷಧಿಯ ನಂತರ ಕೆಲವರಿಗೆ ಹೀಗಾಗುತ್ತದೆ, ಇದು ಇದ್ದರೂ ಇರಬಹುದು ಹೋದರೂ ಹೋಗಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಗೆರೆಯಣ್ಣ ಬಾಯಿತಪ್ಪಿ ನಾಯಿ ಬಾಲದ ಮಾತು ಆಡಿದ. ಅವಳು ನಕ್ಕಳು, ಎಷ್ಟೋ ತಿಂಗಳ ಮೇಲೆ. ಆ ನಗುವಿನ ಆಸೆಗೆ ಅವನು ಒಂದು ವಾರ ಅದೇ ಮಾತನ್ನು ಹೇಳಿಕೊಂಡು ತಿರುಗಿ ಕೊನೆಗೆ ಬೈಸಿಕೊಂಡ.

ಅವಳು ಒಂದು ಗಡುವು ಇಟ್ಟುಕೊಂಡಳು. “ಹೆಗಲು ಮುಟ್ಟಲಿ. ಮುಟ್ಟಿದ ದಿನ ವಸ್ತ್ರ ತೆಗೀತೀನಿ, ಕಿಟಕಿಗೆ ಹೋಗ್ತೀನಿ. ಅಲ್ಲಿವರೆಗೂ ನನ್ನ ಯಾರೂ ಕರೀಬೇಡಿ.”

“ಕೂದಲಿಗೂ ಟಿಕೆಟ್ಟಿಗೂ ಏನೇ ಸಂಬಂಧ?”

“ಆ ಕಿಟಕೀಲಿ ಕಾಣೋದೇ ಇಷ್ಟು.” ಹೆಗಲಿನಿಂದ ತಲೆಯವರೆಗೆ ಕೈಯಲ್ಲಿ ಚೌಕ ಎಳೆದು ತೋರಿಸಿದಳು. “ಅರ್ಧಂಬರ್ಧ ತಲೆ ಇಟ್ಕೊಂಡು ಕೂತರೆ ಬಂದೋರೆಲ್ಲ ‘ಅಯ್ಯೋ ಪಾಪ’ ಅಂತ ಟಿಕೆಟ್ ತಗೋತಾರೆ. ಹತ್ತೊಂಬತ್ತು ವರ್ಷ ನಾನು ಅವರನ್ನ ಗದರಿಸಿದೀನಿ. ಅವರ ಪಾಪ ನನಗೆ ಬೇಡ.”

ಹೆಂಡತಿಯ ಕೂದಲು ಬೆಳೆಸುವುದು ಹೀಗೆ ಗೆರೆಯಣ್ಣನ ಕೆಲಸವಾಯಿತು. ಜೀವಮಾನವೆಲ್ಲ ಕತ್ತರಿಸಿದವನಿಗೆ ಬೆಳೆಸುವುದು ಏನು ಗೊತ್ತು? ಅವನಿಗೆ ತಿಳಿದಿದ್ದ ಆರೈಕೆ ಎಂದರೆ ಬಾಚುವುದು. ಅಂಗಡಿಯ ಸಣ್ಣ ಹಲ್ಲಿನ ಬಾಚಣಿಗೆ ತಂದು, ದಿನಾ ಬೆಳಿಗ್ಗೆ, ಒಣಗಿದ ತಲೆಯನ್ನು ನೆತ್ತಿಯಿಂದ ತುದಿಯವರೆಗೆ ಗೀರುತ್ತಿದ್ದ. ಅವಳು ಹಲ್ಲು ಕಚ್ಚಿ ಕೂರುತ್ತಿದ್ದಳು. ತಲೆ ಅರಳಿ ಹತ್ತಿಯ ಮೂಟೆ ಆಗುತ್ತಿತ್ತು, ಗಂಟೆಯೊಳಗೆ ಮತ್ತೆ ಸಿಕ್ಕಾಗುತ್ತಿತ್ತು, ಅವನು ಮತ್ತೆ ಬಾಚುತ್ತಿದ್ದ.

ಎಂಟನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಅವನು ಅದನ್ನು ಅವಳಿಗೆ ಕಾಣದಂತೆ ಬಿಡಿಸಿ ಅಂಗಿಯ ಜೇಬಿಗೆ ತುರುಕಿಕೊಂಡ. ಅವಳು ದಿಂಬು ಕೊಡವುವುದನ್ನು ಅವನಿಗೆ ಕಾಣದಂತೆ ಮಾಡಿದಳು. ಮೂರು ವಾರ ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬಂಥ ಹೆದರಿಕೆ. ಗಿರಾಕಿಯ ಕುತ್ತಿಗೆಯ ಹಿಂದೆ ಎಳೆದ ಗೆರೆಯನ್ನು ಮೊದಲ ಸಲ ತಿದ್ದಬೇಕಾಯಿತು.

ಅಂಥ ಹೊತ್ತಿನಲ್ಲಿ ಈಜು ಟೀಚರ್ ಮನೆಗೆ ಬಂದಳು. ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವಳು, ಟಿಕೆಟ್ ಅಕ್ಕನಿಗೆ ತಂಗಿಯಂತಿದ್ದವಳು, ಹುಟ್ಟಾ ಗುಂಗುರು ತಲೆಯವಳು. ವರ್ಷಗಟ್ಟಲೆ ಕ್ಲೋರಿನ್ ನೀರಲ್ಲಿ ಮುಳುಗೆದ್ದರೂ ಅವಳ ಸುರುಳಿಗಳು ಒಂದೊಂದೂ ಬಿಡಿಬಿಡಿಯಾಗಿ ಹೊಳೆಯುತ್ತಿದ್ದವು. ಬಂದವಳು ಅಕ್ಕನ ತಲೆಯ ಮೇಲಿನ ಹತ್ತಿಮೂಟೆಯನ್ನು ನೋಡಿ, “ಇದೇನಕ್ಕ ಅವಸ್ಥೆ?” ಎಂದಳು.

ಗೆರೆಯಣ್ಣ ಹಿಂದೆಮುಂದೆ ನೋಡಿ ಜೇಬಿನಿಂದ ಕೂದಲಿನ ಉಂಡೆ ತೆಗೆದು ಟೀಚರಿನ ಅಂಗೈಗೆ ಹಾಕಿದ. ಹೆಂಡತಿ ಅದನ್ನು ನೋಡಿ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಟೀಚರ್ ಕಿಟಕಿಯ ಬೆಳಕಿಗೆ ಹೋಗಿ ಒಂದೊಂದೇ ಎಳೆ ಎತ್ತಿ ನೋಡಿದಳು. “ಭಾವ, ಇದಕ್ಕೆ ಬುಡ ಎಲ್ಲಿದೆ?”

“ಬುಡ ಅಂದ್ರೆ?”

“ತಾನಾಗೇ ಉದುರಿದ ಕೂದಲಿಗೆ ಒಂದು ತುದೀಲಿ ಬಿಳೀ ಚುಕ್ಕೆ ಇರುತ್ತೆ. ಇಲ್ಲಿ ಒಂದಕ್ಕೂ ಇಲ್ಲ. ಇದು ಉದುರಿದ್ದಲ್ಲ, ಮುರಿದಿದ್ದು. ಯಾರು ಬಾಚ್ತಿರೋದು?”

ಹೆಂಡತಿಯ ಬೆರಳು ನಿಧಾನವಾಗಿ ಎದ್ದು ಗಂಡನ ಕಡೆ ತಿರುಗಿತು. ಗೆರೆಯಣ್ಣ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ. ತಪ್ಪು ತನ್ನದೇ ಎಂದು ಗೊತ್ತಾಗಿ ಅಷ್ಟು ಸಂತೋಷಪಟ್ಟ ಮನುಷ್ಯ ಆ ಬೀದಿಯಲ್ಲಿ ಅವನೊಬ್ಬನೇ ಇದ್ದಿರಬೇಕು. ಕಣ್ಣು ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಟೀಚರ್ ಬಾಚಣಿಗೆಯನ್ನು ಕಸದ ಬುಟ್ಟಿಗೆ ಹಾಕಿಯಾಗಿತ್ತು.

“ಒಣಗಿದಾಗ ಬಾಚೋ ಹಾಗೇ ಇಲ್ಲ. ವಾರಕ್ಕೊಂದೇ ಸಲ ಶಾಂಪೂ. ಆಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ತಲೆ ಒದ್ದೆ ಇರೋವಾಗ್ಲೇ ಬೆರಳಲ್ಲಿ ಸಿಕ್ಕು ಬಿಡಿಸಬೇಕು, ತುದಿಯಿಂದ ಶುರು ಮಾಡಿ ಮೇಲಕ್ಕೆ. ಟವೆಲ್‌ನಲ್ಲಿ ಉಜ್ಜಬಾರದು, ಹಳೇ ಬನಿಯನ್‌ನಲ್ಲಿ ಒತ್ತಿ ಒತ್ತಿ ನೀರು ತೆಗೀಬೇಕು. ಆಮೇಲೆ ಒಣಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ದಿಂಬಿಗೆ ನುಣುಪು ಬಟ್ಟೆ. ಮತ್ತೆ ಅಕ್ಕ, ಭಾವನ ಕೈಗೆ ಮಾತ್ರ ತಲೆ ಕೊಡಬೇಡಿ, ನಿಮ್ಮ ತಲೆ ನೀವೇ ನೋಡ್ಕೊಳ್ಳಿ.”

ಮೊನ್ನೆ ಮೊನ್ನೆ ಹುಟ್ಟಿದವಳು ತನಗೆ ಕೂದಲಿನ ಪಾಠ ಹೇಳುವುದೇ ಎಂದು ಅವನಿಗೆ ಉರಿಯಿತು. ಆದರೆ ಜೇಬಿನಲ್ಲಿದ್ದ ಉಂಡೆ ನೆನಪಾಗಿ ಬಾಯಿ ಮುಚ್ಚಿಕೊಂಡ.

ತಲೆ ಮುಟ್ಟಲು ಅಪ್ಪಣೆ ಇಲ್ಲದವನು ಉಳಿದ ಚಾಕರಿಗೆ ನಿಂತ. ತನ್ನ ಬನಿಯನ್‌ಗಳಲ್ಲಿ ಮೆತ್ತಗಾದವನ್ನು ಆರಿಸಿ ಹರಿದ. ಒಳಲಂಗದ ನುಣುಪು ಬಟ್ಟೆ ತಂದು ದಿಂಬಿನ ಚೀಲ ಹೊಲಿಸಿದ. ಸುರುಳಿ ಬಿಡಿಬಿಡಿಯಾಗಿ ನಿಲ್ಲಲು ಅಗಸೆಬೀಜದ ಲೋಳೆ ಒಳ್ಳೆಯದು ಎಂದು ಟೀಚರ್ ಹೇಳಿದ್ದಳು. ಅದನ್ನು ಮಾಡುವುದರಲ್ಲಿ ಅವನು ಪಳಗಿಬಿಟ್ಟ. ಒಂದು ಲೋಟ ನೀರಿಗೆ ಎರಡು ಚಮಚ ಬೀಜ, ಸಣ್ಣ ಉರಿ, ಸೌಟು ಎತ್ತಿದರೆ ದಾರದಂತೆ ಇಳಿಯುವ ಹೊತ್ತಿಗೆ ಸರಿಯಾಗಿ ಇಳಿಸಿ ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಬೇಕು. ಮೊದಲ ಸಲ ಆರಿದ ಮೇಲೆ ಸೋಸಲು ಹೋಗಿ ಬಟ್ಟೆಗೂ ಬೀಜಕ್ಕೂ ಬಿಡಿಸಲಾಗದ ನಂಟು ಬೆಳೆದು, ಎರಡನ್ನೂ ಎಸೆದಿದ್ದ. ಎರಡನೆಯ ಸಲದಿಂದ ತಪ್ಪಲಿಲ್ಲ. ಹೆಂಡತಿ ಬಚ್ಚಲಿನಿಂದ ತಲೆಗೆ ಬನಿಯನ್ ಸುತ್ತಿಕೊಂಡು ಬಂದು ಲೋಳೆ ಹಚ್ಚಿ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಅವನು ದೂರದಿಂದ ನೋಡುತ್ತಿದ್ದ, ಅಂಗಡಿಗೆ ಹೋಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದರೆ ಒಣಗಿದ ಸುರುಳಿಗಳು ಮುಖದ ಸುತ್ತ ಕೂತಿರುತ್ತಿದ್ದವು. ಅವು ಅವಳಿಗೆ ಒಪ್ಪುತ್ತಿದ್ದವು. ಅದನ್ನು ಅವನು ಹೇಳಲಿಲ್ಲ, ನಾಯಿ ಬಾಲದ ಮಾತನ್ನೂ ಮತ್ತೆ ಆಡಲಿಲ್ಲ.

ಕಿವಿಯ ಮುಂದಿನ ಒಂದು ಸುರುಳಿಯೇ ಅವಳ ಅಳತೆಗೋಲು. ತಿಂಗಳಿಗೊಮ್ಮೆ, ಒಣಗಿದ ಮೇಲೆ, ಬೀರುವಿನ ಬಾಗಿಲಿನ ಚಿಕ್ಕ ಕನ್ನಡಿಯಲ್ಲಿ ಹೆಗಲಿಗೆ ಇನ್ನೆಷ್ಟು ಬೆರಳು ಎಂದು ನೋಡುತ್ತಿದ್ದಳು. ಆರು ಬೆರಳು, ಐದು, ನಾಲ್ಕು. ಇಪ್ಪತ್ತನೆಯ ತಿಂಗಳಲ್ಲಿ ಎರಡು ಬೆರಳು ಉಳಿದಿತ್ತು. ಆಗ ಕೊಳದ ಕಚೇರಿಯಿಂದ ಪತ್ರ ಬಂತು: ಬರುವ ಒಂದನೇ ತಾರೀಖು ತೆರೆಯುತ್ತೇವೆ, ಅವತ್ತು ಬೆಳಿಗ್ಗೆ ಎಂಟಕ್ಕೆ ಬಾರದವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಾಗುವುದು. ಒಂದನೇ ತಾರೀಖಿಗೆ ಒಂಬತ್ತು ದಿನ ಬಾಕಿ.

“ಎರಡು ಬೆರಳು ತಾನೇ, ಹೋಗೇ,” ಎಂದ ಗೆರೆಯಣ್ಣ.

“ಹೆಗಲು ಅಂದ್ರೆ ಹೆಗಲು. ನೀವು ಗೆರೆ ವಿಷಯದಲ್ಲಿ ಬಿಟ್ಟುಕೊಡ್ತೀರಾ?” ಎಂದಳು.

ಅಂಗಡಿಗೆ ರಜೆ ಇದ್ದ ದಿನ ಅವನು ಅವಳ ಹಿಂದೆ ನಿಂತು ನೋಡಿದ. ಹಿಂಭಾಗ ಬಾಲದಂತೆ ಇಳಿದಿತ್ತು, ಪಕ್ಕ ಗಿಡ್ಡ, ಎಲ್ಲೂ ಒಂದು ಅಂಚಿಲ್ಲ. ಅವನ ಕಣ್ಣಿಗೆ ಅದು ತಡೆಯದಾಯಿತು. “ಬರೀ ತುದಿ ಸಮ ಮಾಡ್ತೀನಿ. ನೋಡಿದವರು ಕ್ಷೌರದವನ ಹೆಂಡತಿ ಅಂತ ನಂಬಬೇಕಲ್ವಾ?” ಎಂದ. ಅವಳು ತುದಿ ಮಾತ್ರ ಎಂದು ಮೂರು ಸಲ ಹೇಳಿಸಿಕೊಂಡು ಅಂಗಡಿಗೆ ಬಂದಳು. ಕುರ್ಚಿಯನ್ನು ಈ ಸಲವೂ ಕನ್ನಡಿಗೆ ಬೆನ್ನು ಮಾಡಿಸಿದಳು.

ಅವನು ನೆನೆಸಿದ. ಎಳೆದು ಹಿಡಿದ. ಹಿಡಿದವನಿಗೆ ಹಿಗ್ಗೋ ಹಿಗ್ಗು: ಕೂದಲು ಹೆಗಲು ದಾಟಿ ಆರು ಬೆರಳು ಕೆಳಗಿಳಿದಿತ್ತು. ಇಷ್ಟು ದಿನ ಇವಳು ಅಳೆದದ್ದೆಲ್ಲ ಮುದುಡಿಕೊಂಡ ಕೂದಲನ್ನು! ನಿಜವಾದ ಉದ್ದ ಇದು. ಹೇಳದೆ ಕೇಳದೆ ಸರಿಯಾಗಿ ಹೆಗಲ ಮೂಳೆಯ ಮೇಲೆ ಅಂಚು ನಿಲ್ಲಿಸಿ ಅವಳನ್ನು ಬೆರಗು ಮಾಡಬೇಕು ಎಂದುಕೊಂಡ. ನಿಲ್ಲಿಸಿದ. ಅವನ ಮೂವತ್ತೆಂಟು ವರ್ಷದ ಕಸುಬಿನಲ್ಲೇ ಅಷ್ಟು ನೇರವಾದ ಗೆರೆ ಬಿದ್ದಿರಲಿಲ್ಲ. ಕತ್ತರಿ ಕೆಳಗಿಟ್ಟ, ಪೊರಕೆ ಬಂತು, ನೆಲ ಸ್ವಚ್ಛವಾಯಿತು.

“ಹೆಗಲ ಮೇಲೆ ನಿಂತಿದೆ. ನಾಳೇನೇ ಬೇಕಾದ್ರೂ ಕಿಟಕಿಗೆ ಹೋಗು.”

“ಸುಳ್ಳು!” ಎಂದಳು. ಅವಳ ಕೈ ತಲೆಗೆ ಹೋಯಿತು, ಒಣಗುವವರೆಗೂ ಮುಟ್ಟಬಾರದು ಎಂಬುದು ನೆನಪಾಗಿ ಕೆಳಗಿಳಿಯಿತು. ಬನಿಯನ್ ಸುತ್ತಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅವಳು ಬನಿಯನ್ ತೆಗೆದು, ಹಾಡಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಗೆರೆಯಣ್ಣ ಅವಳ ಬೆನ್ನ ಹಿಂದೆ ಕೂತು ನೋಡುತ್ತಿದ್ದ. ಕಾಲು ಗಂಟೆಯಲ್ಲಿ ಅಂಚು ಹೆಗಲು ಬಿಟ್ಟಿತು. ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅರ್ಧ ಗಂಟೆಗೆ ಕುತ್ತಿಗೆಯ ನಡುವೆ, ಗಂಟೆಗೆ ಗದ್ದದ ಮಟ್ಟಕ್ಕೆ, ತರಕಾರಿ ಬೇಯುವ ಹೊತ್ತಿಗೆ ಕಿವಿಯ ಹತ್ತಿರ. ಗೆರೆ ಮಾತ್ರ ಹಾಗೇ ನೇರವಾಗಿತ್ತು. ನೇರವಾಗಿಯೇ ಮೇಲೇರಿತು, ಸುರುಳಿಗಳೆಲ್ಲ ಅದರ ಮೇಲೆ ಪಕ್ಕಕ್ಕೆ ಉಬ್ಬಿ ನಿಂತವು. ಅವನು ಎದ್ದು ನಿಂತ, ಮತ್ತೆ ಕೂತ. ಅವಳು ಕೈ ಒರೆಸಿಕೊಂಡು, ನಗುತ್ತ, ಬೀರುವಿನ ಕನ್ನಡಿಗೆ ಹೋದಳು.

ಆಮೇಲೆ ಅವಳು ಬಂದು ಕೇಳಿದ್ದು ಒಂದೇ ಮಾತು.

“ಬಿದ್ದ ಕೂದಲು ಎಲ್ಲಿ?”

“ಗುಡಿಸಿದೆ.”

“ಗುಡಿಸಿ?”

“ಚೀಲಕ್ಕೆ ಹಾಕಿದೆ. ಎಲ್ಲರದರ ಜೊತೆ.”

“ಇಪ್ಪತ್ತು ತಿಂಗಳು ರೀ,” ಎಂದಳು. ದನಿ ಏರಲಿಲ್ಲ. “ಮೊದಲನೇ ಸಲವೂ ಹಾಗೇ ಮಾಡಿದ್ರಿ. ಒಂದ್ಸಲ ನೋಡೋಕೂ ಬಿಡಲಿಲ್ಲ. ನನ್ನ ತಲೇದು ಅದು. ಬೀದೀಲಿ ಹೋಗೋರದ್ದಲ್ಲ.”

“ಹೆಗಲ ಮೇಲೇ ಇತ್ತು ಕಣೇ. ದೇವರಾಣೆ.”

“ಸುಳ್ಳೂ ಹೇಳಬೇಡಿ,” ಎಂದು ಅವಳು ವಸ್ತ್ರ ತೆಗೆದು ತಲೆಗೆ ಕಟ್ಟಿಕೊಂಡಳು.

ಮುಂದಿನ ಆರು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಜನ ಮಾತಾಡಲಿಲ್ಲ. ಕೊಳದ ಕಚೇರಿಗೆ ಬರುವುದಿಲ್ಲ ಎಂದು ಬರೆದ ಚೀಟಿ ಮೇಜಿನ ಮೇಲೆ ಮಡಚಿಕೊಂಡು ಬಿದ್ದಿತ್ತು. ಗೆರೆಯಣ್ಣ ಅದರ ಸುತ್ತ ಬೆಕ್ಕಿನಂತೆ ಓಡಾಡಿ ಕೊನೆಗೆ ಈಜು ಟೀಚರಿನ ಮನೆ ಬಾಗಿಲು ತಟ್ಟಿದ.

ಅವಳು ಕತೆ ಕೇಳಿ ಹಣೆ ಚಚ್ಚಿಕೊಂಡಳು. “ಒದ್ದೆ ಇದ್ದಾಗ ಕತ್ತರಿಸಿದ್ರಾ? ಎಳೆದು ಹಿಡಿದು? ಭಾವ, ಗುಂಗುರು ಕೂದಲು ನೀರಲ್ಲಿ ಒಂದುದ್ದ, ಗಾಳೀಲಿ ಒಂದುದ್ದ. ಒಣಗಿದಾಗಲೇ, ಅದು ಎಲ್ಲಿ ಕೂರುತ್ತೋ ಅಲ್ಲೇ, ಒಂದೊಂದೇ ಸುರುಳಿ ನೋಡಿ ತುದಿ ತೆಗೀಬೇಕು.”

“ಅದನ್ನ ಮಾತ್ರ ನೀನು ಹೇಳಲಿಲ್ಲ ತಾಯಿ.”

“ಕತ್ತರಿಸೋದು ನಿಮಗೆ ನಾನು ಹೇಳಿಕೊಡಬೇಕಾ ಅಂತ ಸುಮ್ಮನಿದ್ದೆ!”

ಮೂವತ್ತೆಂಟು ವರ್ಷದಲ್ಲಿ ಯಾರೂ ಗೆರೆಯಣ್ಣನಿಗೆ ಇಂಥ ಮಾತು ಆಡಿರಲಿಲ್ಲ. ಅವನು ತಲೆ ಬಗ್ಗಿಸಿಕೊಂಡು ಮನೆಗೆ ನಡೆದ. ಚಿಕ್ಕಪ್ಪನನ್ನು ಬೈಯೋಣವೆಂದರೆ ಅವನು ಸತ್ತು ಯಾವ ಕಾಲವಾಗಿತ್ತು.

ತಿಂಗಳ ಕೊನೆಯ ದಿನ ಊಟದ ತಟ್ಟೆಯ ಮುಂದೆ ಅವನು ಬಾಯಿ ಬಿಟ್ಟ. “ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಗೊತ್ತಿರಲಿಲ್ಲ. ತಪ್ಪು ನಂದು.” ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ‘ತಪ್ಪು ನಂದು’ ಎಂಬುದನ್ನು ಅವಳು ಕೇಳಿದ್ದು ಅದೇ ಮೊದಲು. “ನಾಳೆ ಬೆಳಿಗ್ಗೆ ಅಂಗಡಿಗೆ ಬಾ. ತಲೆ ತೊಳೀತೀನಿ, ಅಷ್ಟೇ. ನೀನು ಕೊಳಕ್ಕೆ ಹೋಗು, ಬಿಡು, ನಾನು ಕೇಳಲ್ಲ. ಬರೀ ತೊಳೀತೀನಿ.”

ಅವಳು ಮರುದಿನ ಬೆಳಿಗ್ಗೆ ಆರೂವರೆಗೆ ವಸ್ತ್ರ ಕಟ್ಟಿಕೊಂಡು, ಬರುವುದಿಲ್ಲವೆಂಬ ಚೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಳು. ವಾಪಸ್ಸು ಹೋಗುವ ದಾರಿಯಲ್ಲಿ ಟೀಚರಿನ ಕೈಗೆ ಕೊಟ್ಟು ಕಳಿಸುವ ಲೆಕ್ಕ. ಗೆರೆಯಣ್ಣ ಕತ್ತರಿಗಳನ್ನೆಲ್ಲ ಡ್ರಾಯರಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಮುಷ್ಟಿ ಬಿಗಿದಳು. ಹನ್ನೊಂದು ವರ್ಷದ ಬೇಸಿನ್‌ಗೆ ಕೊನೆಗೂ ಒಂದು ತಲೆ ಬಂತು.

ಅವನು ಉಗುರುಬೆಚ್ಚಗಿನ ನೀರು ಹಾಕಿದ. ಕಂಡೀಷನರ್ ಹಚ್ಚಿ ತುದಿಯಿಂದ ಶುರು ಮಾಡಿದ. ಕಾಯಿಲೆಗೆ ಮುಂಚೆಯೂ ಆಮೇಲೆಯೂ ಅವಳ ತಲೆಯನ್ನು ಹೀಗೆ ಬರಿಗೈಯಲ್ಲಿ, ಯಾವ ಸಲಕರಣೆಯೂ ಇಲ್ಲದೆ ಅವನು ಮುಟ್ಟಿರಲಿಲ್ಲ. ಒಂದು ಸಿಕ್ಕು ಸಿಕ್ಕಿದರೆ ನಿಲ್ಲಿಸುತ್ತಿದ್ದ, ಬಿಡಿಸಿ ಮುಂದೆ ಹೋಗುತ್ತಿದ್ದ. ಒಂದೂ ಮುರಿಯಲಿಲ್ಲ. ಕೊನೆಗೆ ನೀರು ಹಾಕಿ, ಬನಿಯನ್ನಿನಲ್ಲಿ ಎರಡು ಸಲ ಒತ್ತಿ, ಅವಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ. ಅಭ್ಯಾಸದಂತೆ ಕುರ್ಚಿಯನ್ನು ಕನ್ನಡಿಯಿಂದ ಆಚೆ ತಿರುಗಿಸಲು ಹೋದ.

“ಈ ಕಡೆ ತಿರುಗಿಸಿ,” ಎಂದಳು ಅವಳು.

ಎರಡು ವರ್ಷದ ಮೇಲೆ ಅವಳು ಆ ದೊಡ್ಡ ಕನ್ನಡಿಯಲ್ಲಿ ತನ್ನನ್ನು ನೋಡಿದಳು. ಒದ್ದೆ ಸುರುಳಿಗಳು ನೀರಿನ ಭಾರಕ್ಕೆ ಕೆಳಗಿಳಿದಿದ್ದವು. ಕಿವಿಯ ಮುಂದಿನ ಆ ಒಂದು ಸುರುಳಿಯೂ ಇಳಿದಿತ್ತು, ಅದರ ತುದಿಯ ಹನಿ ಹೆಗಲ ಮೇಲೆ ಬಟ್ಟೆಯನ್ನು ತೋಯಿಸಿತ್ತು. ಅವಳು ಕತ್ತನ್ನು ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು. ಅಂಚು ಎಲ್ಲಾ ಕಡೆ ಹೆಗಲ ಮೇಲೆಯೇ ಇತ್ತು, ನೇರವಾಗಿ.

“ಮುಟ್ಟಿದೆಯಲ್ಲ ರೀ.”

ಹೌದು ಎಂದುಬಿಡುವ ಆಸೆ ಅವನಿಗೆ ಬಹಳವಾಯಿತು. “ಒದ್ದೆ ಇರೋವಾಗ ಮಾತ್ರ,” ಎಂದ. “ಒಣಗಿದ್ರೆ ಮತ್ತೆ ಕಿವಿಗೆ ಹೋಗುತ್ತೆ. ಒಂದು ಗಂಟೆ, ಹೆಚ್ಚಂದ್ರೆ ಎರಡು. ಈಗ ಹೇಳ್ತಾ ಇದೀನಿ, ಆಮೇಲೆ ಸುಳ್ಳ ಅನ್ನಬೇಡ.”

ಅವಳು ಕನ್ನಡಿಯಲ್ಲಿ ಅವನನ್ನೇ ನೋಡಿದಳು. “ನಾನು ಹೋಗಬೇಕಾಗಿರೋದು ಈಜುಕೊಳಕ್ಕೆ,” ಎಂದಳು. “ಅಲ್ಲಿ ಒಣಗಿದ ತಲೆ ಯಾರದ್ದಿದೆ?”

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅವಳು ಅಂಗಡಿಯಿಂದ ಇಳಿದು ಹೋದಳು. ವಸ್ತ್ರ ಕುರ್ಚಿಯ ಮೇಲೆಯೇ ಉಳಿಯಿತು, ಡ್ರಾಯರಿನ ಕೀಲಿ ಅವಳ ಮುಷ್ಟಿಯಲ್ಲೇ ಹೋಯಿತು. ಗೆರೆಯಣ್ಣ ಅವತ್ತು ಮಧ್ಯಾಹ್ನದವರೆಗೆ ಬಂದ ಗಿರಾಕಿಗಳನ್ನೆಲ್ಲ ವಾಪಸ್ಸು ಕಳಿಸಿದ. ಕತ್ತರಿ ಎಲ್ಲಿ ಎಂದು ಕೇಳಿದವರಿಗೆ, “ಟಿಕೆಟ್ ಕೊಡೋಕೆ ಹೋಗಿದೆ,” ಎಂದ. ಸಂಜೆ ಟೀಚರ್ ಬಂದು ವರದಿ ಒಪ್ಪಿಸಿದಳು: ಹತ್ತು ಗಂಟೆಗೆ ಅಕ್ಕನ ತಲೆ ಒಣಗಿ ಕಿವಿಗೆ ಏರಿತು, ಅಷ್ಟು ಹೊತ್ತಿಗೆ ಅಕ್ಕ ಇಬ್ಬರನ್ನು ಟೋಪಿ ಇಲ್ಲವೆಂದು ಗದರಿಸಿ ವಾಪಸ್ಸು ಅಟ್ಟಿಯಾಗಿತ್ತು, ಅಯ್ಯೋ ಪಾಪ ಅನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ರಜೆಯ ದಿನ ಅವಳಾಗಿಯೇ ಬಂದು ಕೂತಳು, ಕನ್ನಡಿಗೆ ಎದುರಾಗಿ, ಒಣಗಿದ ತಲೆಯಲ್ಲಿ. ಉಬ್ಬಿದ ಅಂಚನ್ನು ಸರಿಮಾಡಬೇಕಿತ್ತು. ಗೆರೆಯಣ್ಣ ಸ್ಪ್ರೇ ಬಾಟಲಿಯನ್ನು ಬೇಸಿನ್ ಕೆಳಗೆ ಇಟ್ಟು ಬಂದ. ಒಂದು ಸುರುಳಿ ಎತ್ತಿ, ಅದು ಎಲ್ಲಿ ಕೂರುತ್ತದೆಂದು ನೋಡಿ, ತುದಿಯನ್ನಷ್ಟೇ ತೆಗೆದು, ಬಿಟ್ಟು, ಮತ್ತೆ ನೋಡುತ್ತಿದ್ದ. ಹತ್ತು ನಿಮಿಷದ ಕೆಲಸಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಮುಗಿದಾಗ ಎಲ್ಲೂ ಒಂದು ನೇರ ಗೆರೆ ಇರಲಿಲ್ಲ. ಅವನು ಕತ್ತರಿ ಕೆಳಗಿಟ್ಟ. ಬಲಗೈ ತಾನಾಗಿಯೇ ಪೊರಕೆಯ ಕಡೆ ಹೋಯಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತ.

“ಇದನ್ನ ಏನ್ ಮಾಡ್ಲಿ?” ಎಂದು ಕೇಳಿದ.

ಅವಳು ಕುರ್ಚಿಯಿಂದ ಬಗ್ಗಿ ನೋಡಿದಳು. ನೆಲದ ಮೇಲೆ ಹತ್ತಿಪ್ಪತ್ತು ಚಿಕ್ಕ ಉಂಗುರಗಳು ಬಿದ್ದಿದ್ದವು, ಎರಡು ಮೂರು ನರೆತವು. ಕಾಲ್ಬೆರಳಿನಿಂದ ಒಂದನ್ನು ಆಚೆ ಸರಿಸಿದಳು, ಅದು ಹಾಗೇ ಸುತ್ತಿಕೊಂಡಿತು. ಸಾಕಷ್ಟು ಹೊತ್ತು ನೋಡಿದಳು. ಅವನು ಅವಸರ ಮಾಡಲಿಲ್ಲ.

“ಗುಡಿಸಿಬಿಡಿ,” ಎಂದಳು. “ಬೆಳೆಯುತ್ತೆ.”

ಗೆರೆಯಣ್ಣ ಪೊರಕೆ ತೆಗೆದುಕೊಂಡ.